ಗೋಡೆಯ ಮೇಲೊಂದು ಅಗಲಿಕೆ

ಹಜಾರದ ಗೋಡೆಗೆ ಚಿತ್ರವನ್ನಾರಿಸುವಾಗ ಗೃಹಸ್ಥರು ಸಾಮಾನ್ಯವಾಗಿ ನಗುಮುಖವನ್ನೋ ಹೂಬನವನ್ನೋ ಅರಸುವರು. ಇಂಗ್ಲೆಂಡಿನ ಡೆವನ್ ಪ್ರಾಂತದ ಸಾಲ್ಟ್ರಮ್ ಭವನದ ಒಡೆಯ ಜಾನ್ ಪಾರ್ಕರ್ ಕೊಂಡು ತಂದುದಾದರೋ ಕಣ್ಣೀರಿನ ಕಥೆಯನ್ನು.

ಏಂಜೆಲಿಕಾ ಕೌಫ್‌ಮನ್ 1768ರಲ್ಲಿ ರಚಿಸಿದ ಆ ತೈಲಚಿತ್ರದ ವಸ್ತು, ಹೋಮರನ ‘ಇಲಿಯಡ್’ ಕಾವ್ಯದ ಆರನೆಯ ಸರ್ಗದಲ್ಲಿ ಬರುವ ಬೀಳ್ಕೊಡುಗೆ. ಟ್ರಾಯ್ ನಗರದ ರಾಜಕುಮಾರ ಹೆಕ್ಟರ್ ಯುದ್ಧಕ್ಕೆ ಹೊರಟು ನಿಂತಿದ್ದಾನೆ. ಮಡದಿ ಆಂಡ್ರೊಮಾಕಿ ಅವನಿಗೊರಗಿದ್ದಾಳೆ. ದಾದಿಯ ತೋಳಿನಲ್ಲಿ ಹಸುಗೂಸು. ಮುಂದಿನದನ್ನು ಚಿತ್ರ ಹೇಳದು. ಹೆಕ್ಟರ್ ಅಕಿಲೀಸನ ಕೈಯಲ್ಲಿ ಮಡಿಯುವನು, ಕೂಸನ್ನು ಶತ್ರುಗಳು ಕೋಟೆಯ ಮೇಲಿಂದ ಎಸೆಯುವರು, ಆಂಡ್ರೊಮಾಕಿ ದಾಸಿಯಾಗುವಳು. ರಕ್ತವಿಲ್ಲ, ಗೋಳಾಟವಿಲ್ಲ, ಕಥೆ ಬಲ್ಲವರಿಗೆ ಆ ಮೌನವೇ ಹೆಚ್ಚು ನೋವು. ನವ-ಅಭಿಜಾತ ಪಂಥದ ಸಂಯಮವೆಂದರೆ ಇದೇ. ದಿನವೂ ಕಣ್ಣೆದುರಿಗಿದ್ದರೂ ಸಹಿಸಬಹುದಾದ ದುಃಖವದು.

ಹರ್ಕ್ಯುಲೇನಿಯಮ್ ಮತ್ತು ಪಾಂಪೇ ನಗರಗಳ ಉತ್ಖನನ 1738 ಮತ್ತು 1748ರಲ್ಲಿ ಆರಂಭವಾದ ಬಳಿಕ ಯೂರೋಪಿನ ಸಿರಿವಂತರಿಗೆ ಗ್ರೀಕ್-ರೋಮನ್ ಅಲಂಕಾರದ ಹುಚ್ಚು ಹಿಡಿದಿದ್ದಿತು. ಸಾಲ್ಟ್ರಮ್‌ನ ಕೊಠಡಿಗಳನ್ನು ರಾಬರ್ಟ್ ಆಡಮ್ ಎಂಬ ಶಿಲ್ಪಿ ಆ ರೀತಿಯಲ್ಲಿಯೇ ಹೊಸದಾಗಿ ರೂಪಿಸಿದನು. ಕೌಫ್‌ಮನ್ನಳ ಚಿತ್ರಗಳಂತೂ ಅಚ್ಚಿನ ಮೂಲಕ ಮನೆಮನೆಗೆ ಹಬ್ಬಿದವು. ಬೀಸಣಿಗೆ, ಪಿಂಗಾಣಿ, ಪೀಠೋಪಕರಣ, ಎಲ್ಲೆಡೆಯೂ ಅವಳ ಕೃತಿಗಳ ಪ್ರತಿರೂಪವೇ.

1741ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಈಕೆ ಲಂಡನ್ನಿನ ರಾಯಲ್ ಅಕಾಡೆಮಿಯನ್ನು ಸ್ಥಾಪಿಸಿದವರಲ್ಲಿದ್ದ ಇಬ್ಬರೇ ಸ್ತ್ರೀಯರಲ್ಲಿ ಒಬ್ಬಳು. ಆದರೆ ನಗ್ನ ಮಾದರಿಯನ್ನು ನೋಡಿ ಅಭ್ಯಾಸಮಾಡುವುದು ಹೆಂಗಸರಿಗೆ ನಿಷಿದ್ಧ. ಆದುದರಿಂದ ಜೋಹಾನ್ ಜೋಫನಿಯು ಅಕಾಡೆಮಿಯ ಸದಸ್ಯರನ್ನು ಚಿತ್ರಿಸಿದಾಗ ಗಂಡಸರೆಲ್ಲ ಮಾದರಿಯ ಸುತ್ತ ನೆರೆದರು. ಅವರಿಬ್ಬರನ್ನು ಮಾತ್ರ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ತೋರಿಸಲಾಯಿತು. ಪರರ ಗೋಡೆಗಳನ್ನು ಸಿಂಗರಿಸಿದವಳಿಗೆ ದೊರೆತ ಮರ್ಯಾದೆ!

ಹೆಕ್ಟರನ ಚಿತ್ರ ಅಕಾಡೆಮಿಯ ಪ್ರಥಮ ಪ್ರದರ್ಶನದಲ್ಲಿ ಕಾಣಿಸಿಕೊಂಡ 1769ರಲ್ಲಿಯೇ ಪಾರ್ಕರನ ವಿವಾಹವೂ ನಡೆಯಿತು. ವಧು ತೆರೇಸಾ ಕಲಾಭಿರುಚಿಯುಳ್ಳವಳು. ಭವನದ ಅಲಂಕರಣದಲ್ಲಿ ಅವಳ ಕೈಯೂ ಇದ್ದಿತು. 1772ರಲ್ಲಿ ಮಗ ಹುಟ್ಟಿದ, 1775ರಲ್ಲಿ ಮಗಳು. ಆ ವರ್ಷ ಮುಗಿಯುವುದರೊಳಗೇ ತೆರೇಸಾ ತೀರಿಕೊಂಡಳು. ಚಿತ್ರದಲ್ಲಿ ಅಗಲುವವನು ಗಂಡ. ಆ ಮನೆಯಲ್ಲಿ ಅಗಲಿದವಳು ಹೆಂಡತಿ. ಪಾರ್ಕರ್ 1788ರವರೆಗೆ ಬದುಕಿದನು. ಭವನವು 1957ರಲ್ಲಿ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಹೆಕ್ಟರ್ ಮತ್ತು ಆಂಡ್ರೊಮಾಕಿ ಈಗಲೂ ಅಲ್ಲಿದ್ದಾರೆ.