ಜಿನೀವಾದ ಪಟ್ಟಿ, ನಮ್ಮ ತೋಟದ ಮದ್ದು

"ಜಿನೀವಾದಲ್ಲಿ ಯಾರೋ ಕೈ ಎತ್ತಿದರೆ ನಮ್ಮ ತೋಟದ ಬೇರುಹುಳ ಸಾಯ್ತದಾ ಭಾವಾ?"

ಕೇಳಿದವರು ನೆರೆಯ ಕೃಷಿಕರು. ಕೈಯಲ್ಲಿ ಕ್ಲೋರ್‌ಪೈರಿಫಾಸಿನ ಡಬ್ಬಿ ಇತ್ತು. ಅಡಿಕೆ ಮರದ ಬುಡಕ್ಕೆ ಹೊಯ್ಯಲೆಂದು ತಂದದ್ದು. ಈ ಮದ್ದನ್ನು ಜಗತ್ತೇ ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದ್ದಾರೆ, ಇನ್ನು ಸಿಗುವುದಿಲ್ಲ ಅಂತ ಯಾರೋ ಹೇಳಿದ್ದರಂತೆ. ಅಂಗಡಿಯವರು ಮಾತ್ರ ಎಷ್ಟು ಬೇಕಾದರೂ ಉಂಟು ಅಂದರಂತೆ. ಇಬ್ಬರ ಮಾತೂ ನಿಜವೇ. ಇದು ಹೇಗೆ ಅಂತ ತಿಳಿಯಬೇಕಾದರೆ ನಮ್ಮೂರಿನದೇ ಹಳೆಯ ಕತೆಗೆ ಹೋಗಬೇಕು. ಎಂಡೋಸಲ್ಫಾನಿನ ಕತೆ.

ಮೊದಲು ಆ ಪಟ್ಟಿಯ ವಿಷಯ. ಸ್ಟಾಕ್‌ಹೋಮ್ ಒಪ್ಪಂದ ಎಂಬುದೊಂದುಂಟು. 2001ರಲ್ಲಿ ಆದದ್ದು, 2004ರಿಂದ ಜಾರಿಯಲ್ಲಿದೆ. ಕೆಲವು ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ ಬೇಗ ಕರಗಿ ಹೋಗುವುದಿಲ್ಲ. ಮೀನು, ಹಾಲು, ನಮ್ಮ ಮೈಯ ಕೊಬ್ಬು ಅಂತ ಮೇಲೆ ಮೇಲೆ ಸೇರಿಕೊಳ್ಳುತ್ತಾ ಹೋಗುತ್ತವೆ. ಗಾಳಿಯಲ್ಲಿ ಸಾವಿರಾರು ಮೈಲು ಹಾರುತ್ತವೆ. ಹಿಮ ಮಾತ್ರ ಇರುವ ಉತ್ತರ ಧ್ರುವದ ಹತ್ತಿರ ಯಾರೂ ಗೇರು ಬೆಳೆಯುವುದಿಲ್ಲ, ಆದರೂ ಅಲ್ಲಿ ಎಂಡೋಸಲ್ಫಾನ್ ಸಿಕ್ಕಿದೆ! ಇಂಥವನ್ನು ಎಲ್ಲ ದೇಶಗಳೂ ಸೇರಿ ನಿಲ್ಲಿಸೋಣ ಎಂಬುದೇ ಒಪ್ಪಂದದ ಸಾರ. ಮೊದಲ ಪಟ್ಟಿಯಲ್ಲಿ 12 ಇದ್ದವು. ಡಿಡಿಟಿಯೂ ಒಂದು. ಮಲೇರಿಯಾದವರು ಬಂದು ಗೋಡೆಗೆ ಹೊಡೆದು ಬಿಳಿ ಮಾಡಿ ಹೋಗುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಸೊಳ್ಳೆಗಾಗಿ ಅದಕ್ಕೆ ವಿನಾಯಿತಿ ಕೊಟ್ಟರು. ಕೃಷಿಗೆ ನಮ್ಮಲ್ಲಿ 1989ರಲ್ಲೇ ನಿಂತಿತ್ತು.

ಭಾರತ 2002ರಲ್ಲಿ ಸಹಿ ಹಾಕಿತು, 2006ರ ಜನವರಿಯಲ್ಲಿ ಅಂಗೀಕರಿಸಿತು. ಹಾಗೆ ಅಂಗೀಕರಿಸುವಾಗ ಬಾಗಿಲಿಗೆ ಒಂದು ಚಿಲಕ ಇಟ್ಟುಕೊಂಡಿತು. ಬೇರೆ ಹಲವು ದೇಶಗಳಿಗೆ ಪಟ್ಟಿಗೆ ಹೊಸ ವಿಷ ಸೇರಿದರೆ, ಬೇಡ ಅಂತ ಬರೆದು ತಿಳಿಸದಿದ್ದಲ್ಲಿ, ಒಂದು ವರ್ಷದ ಮೇಲೆ ತಾನಾಗಿ ಅನ್ವಯವಾಗುತ್ತದೆ. ಭಾರತಕ್ಕೆ ಹಾಗಲ್ಲ. ನಾವು ಪ್ರತಿಯೊಂದನ್ನೂ ಬೇರೆಯಾಗಿ ಅಂಗೀಕರಿಸಿದರೆ ಮಾತ್ರ ನಮಗೆ ಅನ್ವಯ ಅಂತ ಮೊದಲೇ ಬರೆದುಕೊಟ್ಟಿದೆ. ಹಾಗೆ ಬರೆಯಲು ಒಪ್ಪಂದದಲ್ಲೇ ಅವಕಾಶ ಉಂಟು, ಕಳ್ಳತನವೇನೂ ಅಲ್ಲ. ಆದರೆ ಜಿನೀವಾದಲ್ಲಿ 'ಆಯಿತು' ಅಂದದ್ದು ನಮ್ಮ ಸೊಸೈಟಿಯ ಕಪಾಟಿನವರೆಗೆ ಯಾಕೆ ಬರುವುದಿಲ್ಲ ಎಂಬುದರ ಗುಟ್ಟು ಇಲ್ಲೇ ಇದೆ.

ಇನ್ನು ನಮ್ಮ ಕಡೆಯ ಕತೆ. ಕಾಸರಗೋಡಿನ ಗೇರು ತೋಟಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲು ಸುರು ಮಾಡಿತು. ಗೇರಿನ ಚಿಗುರು, ಹೂ ಕರಟಿಸುವ ಟೀ ಸೊಳ್ಳೆಗೆ ಮದ್ದು. 2000ದ ಡಿಸೆಂಬರ್‌ವರೆಗೂ ಇದು ನಡೆಯಿತು. ದಕ್ಷಿಣ ಕನ್ನಡದಲ್ಲಿಯೂ ಸರಕಾರಿ ನಿಗಮದ ಗೇರು ತೋಟಗಳ ಮೇಲೆ ಹೀಗೆಯೇ ಹೊಡೆದರು. ಕೊಕ್ಕಡ, ಪಟ್ರಮೆ, ನಿಡ್ಲೆಯ ಹೆಸರು ಆ ಬಳಿಕ ಪೇಪರಿಗೆ ಬಂದದ್ದು ಗೇರುಬೀಜದಿಂದಲ್ಲ.

ಹೆಲಿಕಾಪ್ಟರ್ ಮರದ ತುದಿಯಿಂದ ಎರಡು-ಮೂರು ಮೀಟರಿಗಿಂತ ಮೇಲೆ ಹಾರಬಾರದು ಎಂಬ ನಿಯಮ ಇತ್ತು. ನಮ್ಮ ಕಡೆಯ ಗುಡ್ಡ ನೋಡಿದವರು ಹೇಳಿ. ಒಂದು ಕಡೆ ಏರು, ಮಗ್ಗುಲಲ್ಲೇ ಕಣಿವೆ. ಅಲ್ಲಿ ಮರದ ತುದಿಗೆ ತಾಗಿದ ಹಾಗೆ ಯಾರು ಹಾರಿಸ್ತಾರೆ? ಬಾವಿ ಮುಚ್ಚಿ ಅಂತ ಹೇಳಬೇಕಿತ್ತು. ಬಾವಿಗೆ ಸೋಗೆಯೋ ಮಡಲೋ ಮುಚ್ಚಬಹುದು. ತೋಡಿಗೆ, ಸುರಂಗದ ನೀರು ಬಂದು ಬೀಳುವ ಮದಕಕ್ಕೆ ಏನು ಮುಚ್ಚುವುದು? ಮೇಲೆ ತೋಟ, ಕೆಳಗೆ ಮನೆ. ಮಳೆ ಬಂದರೆ ಎಲ್ಲ ಕೆಳಗೇ ಬರಬೇಕು. ಕಾಗದದಲ್ಲಿ ನಿಯಮ ಇದ್ದು ಗುಡ್ಡದಲ್ಲಿ ಇಲ್ಲದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

1979ರಲ್ಲೇ ಎಣ್ಮಕಜೆಯ ಪಡ್ರೆಯಲ್ಲಿ ಕೈಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ಕಂಡು, ಕೃಷಿಕ-ಪತ್ರಕರ್ತ ಶ್ರೀಪಡ್ರೆಯವರು ಇದಕ್ಕೂ ಈ ಸಿಂಪಡಣೆಗೂ ಸಂಬಂಧ ಇರಬಹುದೇ ಅಂತ ಬರೆದರು. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ನರರೋಗ, ಬುದ್ಧಿಮಾಂದ್ಯ, ಅಂಗವಿಕಲತೆ ಯಾಕೆ ಅಂತ ಲೆಕ್ಕ ಇಟ್ಟರು. ಪೆರಿಯದಲ್ಲಿ ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿಯಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಕೃಷಿ ಇಲಾಖೆಯಲ್ಲಿ ಕೆಲಸ ಮಾಡುವವರೇ ಮದ್ದಿನ ವಿರುದ್ಧ ಕೋರ್ಟಿಗೆ ಹೋಗುವುದೆಂದರೆ ಸಣ್ಣ ಧೈರ್ಯವಲ್ಲ. ಗಮನಿಸಿ, ಸ್ಟಾಕ್‌ಹೋಮ್ ಒಪ್ಪಂದ ಆಗ ಇನ್ನೂ ಹುಟ್ಟಿಯೇ ಇರಲಿಲ್ಲ. ವಿಷ ಉಂಟು ಅಂತ ಮೊದಲು ಹೇಳಿದ್ದು ಊರಿನವರೇ.

ಆ ಮೇಲೆ ಯುರೋಪಿನವರು 2007ರಲ್ಲಿ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಿ ಅಂದರು. ಆಗ ಅದನ್ನು ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುತ್ತಿದ್ದ, ಬಳಸುತ್ತಿದ್ದ ದೇಶ ನಮ್ಮದು. ಭಾರತ ಸಭೆಯಿಂದ ಸಭೆಗೆ ವಿರೋಧಿಸಿತು. ತಜ್ಞರ ಸಮಿತಿಯಲ್ಲಿ ಒಮ್ಮತ ಆಗದೆ ಮತಕ್ಕೆ ಹಾಕಬೇಕಾಯಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಅದು ಪಟ್ಟಿಗೆ ಸೇರಿತು. ಆದರೆ ಹತ್ತಿ, ಕಾಫಿ, ಚಹಾ, ಭತ್ತ, ತೊಗರಿ, ಬೆಂಡೆ, ಮೆಣಸಿನಕಾಯಿ ಅಂತ ಉದ್ದದ ವಿನಾಯಿತಿ ಪಟ್ಟಿಯನ್ನೂ ಅದರ ಬಾಲಕ್ಕೆ ಕಟ್ಟಿದರು. ಆ ಬಾಲ ಹೆಚ್ಚಾಗಿ ನಮ್ಮ ದೇಶಕ್ಕಾಗಿಯೇ.

ತಯಾರಕರ ವಾದವೂ ಒಂದಿತ್ತು. ಇದು ಪೇಟೆಂಟ್ ಮುಗಿದ ಅಗ್ಗದ ಮದ್ದು, ಇದನ್ನು ನಿಲ್ಲಿಸಿ ದುಬಾರಿ ಹೊಸ ಮದ್ದು ಮಾರುವುದು ಯುರೋಪಿನ ಕಂಪೆನಿಗಳ ಉಪಾಯ ಅಂತ. ನಮ್ಮಂಥ ಸಣ್ಣ ಕೃಷಿಕರ ಹೆಸರು ಹೇಳಿ ಈ ವಾದ ಮಾಡಿದರು. ಇದನ್ನು ಪೂರಾ ತಳ್ಳಿ ಹಾಕಲು ನನಗೆ ಮನಸ್ಸಿಲ್ಲ. ಹಳೆ ಮದ್ದು ಹೋದ ಮೇಲೆ ಬಂದದ್ದರ ಬೆಲೆ ನಮಗೆಲ್ಲ ಗೊತ್ತು. ಆದರೆ ಪಡ್ರೆಯ ಮಕ್ಕಳ ಔಷಧದ ಬಿಲ್ಲನ್ನು ಆ ಅಗ್ಗದ ಲೆಕ್ಕದಲ್ಲಿ ಯಾರೂ ಹಿಡಿಯಲಿಲ್ಲವಲ್ಲ!

ಹಾಗಾದರೆ ನಮ್ಮಲ್ಲಿ ಅದು ನಿಂತದ್ದು ಹೇಗೆ? ಒಪ್ಪಂದದಿಂದ ಅಲ್ಲ. 1968ರ ಕೀಟನಾಶಕ ಕಾಯಿದೆ ಪ್ರಕಾರ ಮದ್ದನ್ನು ಕಾಯಂ ನಿಷೇಧಿಸುವ ಅಧಿಕಾರ ಕೇಂದ್ರದ್ದು. ರಾಜ್ಯ ಸರಕಾರ 60 ದಿನ, ಹೆಚ್ಚೆಂದರೆ ಇನ್ನೂ 30 ದಿನ ತಡೆಹಿಡಿಯಬಹುದು, ಅಷ್ಟೆ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ನಿಲ್ಲಿಸಿದ್ದು ಈ ಸಣ್ಣ ಹಗ್ಗದಿಂದ. ಮೇ 13ಕ್ಕೆ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ತಯಾರಿ, ಮಾರಾಟ, ಬಳಕೆ ಎಲ್ಲವನ್ನೂ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಮೂರು ತಿಂಗಳು ಎಷ್ಟು ಉದ್ದವಾಯಿತೆಂದರೆ, 2022ರಲ್ಲಿ ಅದೇ ಕೋರ್ಟು ಯಾಕೆ ಕೊಟ್ಟಿಲ್ಲ ಅಂತ ಮತ್ತೆ ಬೈಯಬೇಕಾಯಿತು.

ಸ್ಟಾಕ್‌ಹೋಮ್ ಪಟ್ಟಿಗೆ ಆ ಮೇಲೆ ಸೇರಿದ ರಾಸಾಯನಿಕಗಳಲ್ಲಿ ಏಳನ್ನು ಅಂಗೀಕರಿಸಲು ಕೇಂದ್ರ ಸಚಿವ ಸಂಪುಟ 2020ರ ಅಕ್ಟೋಬರಿನಲ್ಲಿ ಒಪ್ಪಿತು. ಆ ಏಳರಲ್ಲಿ ಹೆಚ್ಚಿನವು ಪ್ಲಾಸ್ಟಿಕ್ಕು, ಬಟ್ಟೆಗೆ ಬೆಂಕಿ ಹಿಡಿಯದಂತೆ ಬೆರೆಸುವ ರಾಸಾಯನಿಕಗಳು. ಎಂಡೋಸಲ್ಫಾನ್ ಆ ಏಳರಲ್ಲಿ ಇರಲಿಲ್ಲ. ನಮ್ಮಲ್ಲಿ ನಿಂತ ವಿಷವನ್ನು ನಿಲ್ಲಿಸಿದೆವು ಅಂತ ಅಲ್ಲಿಗೆ ಬರೆದು ತಿಳಿಸಲೂ ಇಷ್ಟು ತಡ.

ಈಗ ಭಾವನ ಡಬ್ಬಿಗೆ ಬರೋಣ. ಕ್ಲೋರ್‌ಪೈರಿಫಾಸ್ ಎಂಡೋಸಲ್ಫಾನಿನ ಜಾತಿಯದ್ದಲ್ಲ. ಅದು ಗಂಧಕದ ಜತೆ ರಂಜಕ ಇರುವ ಗುಂಪಿನದು, ನರಗಳ ಮೇಲೆ ಕೆಲಸ ಮಾಡುವಂಥದ್ದು. ಮಕ್ಕಳ ಮಿದುಳಿನ ಬೆಳವಣಿಗೆಗೆ ತೊಂದರೆ ಎಂಬ ಕಾರಣಕ್ಕೆ ಯುರೋಪಿನವರು 2020ರಲ್ಲಿ ನಿಲ್ಲಿಸಿದರು. ನಮ್ಮ ಕೇಂದ್ರ ಸರಕಾರ ಅದೇ ವರ್ಷ 27 ಮದ್ದುಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಇದೂ ಅದರಲ್ಲಿತ್ತು. 2023ರಲ್ಲಿ ಕೊನೆಯ ಆದೇಶ ಬರುವಾಗ ಪಟ್ಟಿ ಬಡಕಲಾಗಿ, ಪೂರ್ಣ ನಿಷೇಧದಿಂದ ಕ್ಲೋರ್‌ಪೈರಿಫಾಸ್ ಪಾರಾಗಿತ್ತು. 2025ರ ಏಪ್ರಿಲ್-ಮೇಯಲ್ಲಿ ಜಿನೀವಾ ಸಭೆ ಅದನ್ನು ಸ್ಟಾಕ್‌ಹೋಮ್ ಪಟ್ಟಿಗೆ ಸೇರಿಸಿತು. ಭಾರತ ಆಕ್ಷೇಪ ಎತ್ತಿತ್ತು. ಕೆಲವು ಬಳಕೆಗಳಿಗೆ ಮತ್ತೆ ವಿನಾಯಿತಿ. ಎಂಡೋಸಲ್ಫಾನಿನ ನಾಟಕವೇ, ವೇಷ ಮಾತ್ರ ಬೇರೆ. ಚಿಲಕ ನಮ್ಮ ಕೈಯಲ್ಲೇ ಇರುವುದರಿಂದ ಅಲ್ಲಿ ಪಟ್ಟಿಗೆ ಸೇರಿದ ಕೂಡಲೇ ಇಲ್ಲಿ ಅಂಗಡಿಯಿಂದ ಮಾಯವಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಿಗುತ್ತದೋ ಇಲ್ಲವೋ ಎಂಬುದಕ್ಕಿಂತ ನಿಲ್ಲಿಸುವ ದಿನ ಬಂದಾಗ ನಮ್ಮ ಕೈಗೆ ಏನು ಕೊಡುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಬೇರುಹುಳಕ್ಕೆ ಹಿಂದೆ ಫೋರೇಟ್ ಹಾಕುತ್ತಿದ್ದೆವು. 2020ರ ಡಿಸೆಂಬರ್ 31ಕ್ಕೆ ಅದು ನಿಷೇಧವಾಯಿತು. ನಿಲ್ಲಿಸಿದ್ದು ಸರಿಯೇ, ಅಷ್ಟು ಉಗ್ರ ವಿಷ. ಆದರೆ ಹಳ್ಳಿಗೆ ಬಂದು ಇನ್ನು ಇದರ ಬದಲಿಗೆ ಹೀಗೆ ಮಾಡಿ ಅಂದವರು ಎಷ್ಟು ಮಂದಿ? ಬದಲಿ ಇಲ್ಲ ಅಂತಲ್ಲ. ಹುಳದ ಮೈಯೊಳಗೆ ಹೊಕ್ಕು ಕೊಲ್ಲುವ ಸಣ್ಣ ಜಂತುಹುಳಗಳನ್ನು ಕಾಸರಗೋಡಿನ ಸಿಪಿಸಿಆರ್‌ಐ ಶಿಫಾರಸು ಮಾಡುತ್ತದೆ, ಬೇವಿನ ಹಿಂಡಿಯ ಜತೆ ಬುಡಕ್ಕೆ ಹಾಕಬೇಕು. ಅದು ಬೇಕಾದ ಹೊತ್ತಿಗೆ, ಬೇಕಾದಷ್ಟು ನಮ್ಮ ಹತ್ತಿರದ ಅಂಗಡಿಯಲ್ಲಿ ಸಿಗುವುದಿಲ್ಲ, ಅದೇ ತಕರಾರು.

ಖರ್ಚಿಲ್ಲದ ದಾರಿ ಒಂದುಂಟು. ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆಗೆ ದುಂಬಿಗಳು ಮಣ್ಣಿನಿಂದ ಎದ್ದು ಬರುತ್ತವೆ. ಮೊಟ್ಟೆ ಇಡುವ ಮೊದಲೇ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು. ಒಬ್ಬರ ತೋಟದಲ್ಲಿ ಮಾಡಿದರೆ ಸಾಲದು, ಪಕ್ಕದವರೂ ಕೈ ಹಾಕಬೇಕು. ಇದನ್ನು ಹೇಳಿದಾಗ ಭಾವ ಡಬ್ಬಿಯನ್ನು ಅಟ್ಟದ ಮೇಲಿಟ್ಟು, "ಈ ಸಲ ಮಳೆ ಬಂದ ದಿನ ಸಂಜೆ ಬಕೆಟ್ ತನ್ನಿ, ನಾನೂ ಬರ್ತೇನೆ" ಅಂದರು. ಡಬ್ಬಿ ಬಿಸಾಡಲಿಲ್ಲ. ಹಣ ಕೊಟ್ಟು ತಂದದ್ದಲ್ವಾ.