ಗಿಡದ ಪಾಲಿನ ಬೆಳಕು

ಅಂಟಾರ್ಕ್ಟಿಕ ಖಂಡದ ಹಿಮದ ಮೇಲೆ ಜರ್ಮನಿಯ ವಿಜ್ಞಾನಿಗಳು ಕಟ್ಟಿಕೊಂಡಿರುವ ನೆಲೆಯೊಂದಿದೆ. ಅದರ ಹೆಸರು ನಾಯ್ಮಯರ್. ಅಲ್ಲಿ ಚಳಿಗಾಲ ಬಂದಿತೆಂದರೆ ಸುಮಾರು ಎರಡು ತಿಂಗಳ ಕಾಲ ಸೂರ್ಯನು ದಿಗಂತದ ಮೇಲೆ ತಲೆಯೆತ್ತುವುದೇ ಇಲ್ಲ. ಆ ದಿನಗಳನ್ನು ಅಲ್ಲಿಯೇ ಕಳೆಯುವ ಹತ್ತು ಮಂದಿಗೆ ಮೊದಲೇ ಕೂಡಿಟ್ಟ ಆಹಾರವೇ ಗತಿ. ಹೀಗಿರುವಲ್ಲಿ 2018ರಲ್ಲಿ, ನೆಲೆಯಿಂದ ಸುಮಾರು 400 ಮೀಟರ್ ದೂರದಲ್ಲಿ, ಕಂಟೇನರುಗಳೊಳಗೆ ಒಂದು ತೋಟ ಬೆಳೆಯಿತು. ಅಲ್ಲಿ ಮಣ್ಣೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಬೇರುಗಳಿಗೆ ಪೋಷಕ ದ್ರಾವಣದ ಸಿಂಚನ, ಎಲೆಗಳಿಗೆ ಎಲ್.ಇ.ಡಿ. ದೀಪಗಳ ಬೆಳಕು, ಇಷ್ಟೇ. ಒಂಬತ್ತೂವರೆ ತಿಂಗಳಲ್ಲಿ ಕೇವಲ ಹನ್ನೆರಡೂವರೆ ಚದರ ಮೀಟರ್ ಜಾಗದಿಂದ 268 ಕಿಲೋಗ್ರಾಂ ಸೊಪ್ಪು ತರಕಾರಿಗಳು ದೊರೆತವು. ಹೊರಗೆ ಕೊರೆಯುವ ಚಳಿ, ಕವಿದ ಕತ್ತಲೆ. ಒಳಗೆ ತಟ್ಟೆಯಲ್ಲಿ ಆಗತಾನೆ ಕೊಯ್ದ ಸೌತೆಕಾಯಿಯ ಹೋಳು! ಅದರ ಬೆಲೆಯನ್ನು ಅಲ್ಲಿದ್ದವರೇ ಬಲ್ಲರು.

ಆ ತೋಟದಲ್ಲಿ ದೀಪದ ಆಯ್ಕೆ ತಪ್ಪಿದ್ದರೆ ನೀರು, ಗೊಬ್ಬರ, ದುಡಿಮೆ ಎಲ್ಲವೂ ವ್ಯರ್ಥವಾಗುತ್ತಿದ್ದವು. ಇಂಥ ದೀಪಗಳು ಈಗ ಅಂಗಡಿಗಳಲ್ಲಿಯೂ ಮಾರಾಟಕ್ಕಿವೆ. ಬಿಸಿಲು ಬೀಳದ ಮನೆಗಳಲ್ಲಿ ಸೊಪ್ಪು ಬೆಳೆಯಲು ಹಂಬಲಿಸುವವರು ಅವುಗಳನ್ನು ಕೊಳ್ಳುತ್ತಾರೆ. ಕೊಳ್ಳುವಾಗ ಸಾಮಾನ್ಯವಾಗಿ ಮಾಡುವ ಪರೀಕ್ಷೆ ಒಂದೇ: ದೀಪವನ್ನು ಹೊತ್ತಿಸಿ, ಕಣ್ಣು ಕೋರೈಸುತ್ತದೆಯೆ ಎಂದು ನೋಡುವುದು. ಆದರೆ ಈ ವಿಷಯದಲ್ಲಿ ಕಣ್ಣಿನಷ್ಟು ನಂಬಲಾಗದ ಸಾಕ್ಷಿ ಮತ್ತೊಂದಿಲ್ಲ.

ನಡುಹಗಲಿನ ಬಯಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ದೀಪ ಹಚ್ಚಿದ ಕೋಣೆಯಲ್ಲಿ ಅದು ಇನ್ನೂರು ಮುನ್ನೂರು ಲಕ್ಸ್ ಇದ್ದರೆ ಹೆಚ್ಚು. ಎಂದರೆ ಮುನ್ನೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ಕಣ್ಣಿನ ಪಾಪೆ ಹಿಗ್ಗಿ, ದೃಷ್ಟಿ ಹೊಂದಿಕೊಂಡು, ಮನುಷ್ಯನು ಅಲ್ಲಿ ಸುಖವಾಗಿ ಪುಸ್ತಕ ಓದುತ್ತಾನೆ. ಅದೇ ಕೋಣೆಯ ಮೂಲೆಯಲ್ಲಿ ಗಿಡವು ಉಪವಾಸ ಬೀಳುತ್ತದೆ. ಇಷ್ಟೇ ಅಲ್ಲ, ಲಕ್ಸ್ ಎಂಬ ಅಳತೆಯೇ ಮನುಷ್ಯನ ಕಣ್ಣಿಗೆ ಹೊಂದುವಂತೆ ಮಾಡಿದ್ದು. ಹಸಿರು ಹಳದಿಗಳನ್ನು ಕಣ್ಣು ಚೆನ್ನಾಗಿ ಗ್ರಹಿಸುತ್ತದೆ; ಕಡುಗೆಂಪು ಅದಕ್ಕೆ ಮಂಕಾಗಿ ತೋರುತ್ತದೆ.

ಗಿಡದ ರುಚಿ ಬೇರೆ. ಇದನ್ನು ಸೊಗಸಾಗಿ ತೋರಿಸಿಕೊಟ್ಟವನು ಎಂಗೆಲ್‌ಮಾನ್ ಎಂಬ ಜರ್ಮನ್ ವಿಜ್ಞಾನಿ. 1882ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಹೀಗಿತ್ತು: ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಸೂಕ್ಷ್ಮದರ್ಶಕದ ಕೆಳಗಿಟ್ಟ ಪಾಚಿಯ ಎಳೆಯೊಂದರ ಉದ್ದಕ್ಕೂ ಹರಡಿದನು. ಆ ನೀರಿನಲ್ಲಿ ಆಮ್ಲಜನಕವನ್ನು ಅರಸಿಕೊಂಡು ಹೋಗುವ ಬ್ಯಾಕ್ಟೀರಿಯಾಗಳಿದ್ದವು. ಕೆಂಪು ಬಿದ್ದ ಕಡೆ ಮತ್ತು ನೀಲಿ ಬಿದ್ದ ಕಡೆ ಅವು ದಟ್ಟವಾಗಿ ಮುತ್ತಿಕೊಂಡವು. ಹಸಿರು ಬಿದ್ದ ಕಡೆ ವಿರಳವಾಗಿದ್ದವು. ಆಮ್ಲಜನಕ ಹೆಚ್ಚಾಗಿ ಹೊರಬರುವೆಡೆಯಲ್ಲಿಯೇ ಪಾಚಿಯು ತನ್ನ ಅಡಿಗೆಯನ್ನು ಭರದಿಂದ ಮಾಡುತ್ತಿದೆ ಎಂದಾಯಿತು. ಯಂತ್ರೋಪಕರಣವಿಲ್ಲದ ಕಡೆ ಜೀವಾಣುಗಳನ್ನೇ ಅಳತೆಗೋಲಾಗಿ ಮಾಡಿಕೊಂಡ ಜಾಣ್ಮೆ ಇದು.

ಕೆಂಪು ನೀಲಿಗಳೆರಡೇ ಸಾಕೆಂದು ನಂಬಿ ನೇರಳೆ ಬಣ್ಣದಲ್ಲಿ ಉರಿಯುವ ದೀಪಗಳನ್ನು ತಯಾರಿಸಿದವರಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಮೆಕ್ರೀ ಎಂಬಾತನು ಇಪ್ಪತ್ತೆರಡು ಬಗೆಯ ಸಸ್ಯಗಳ ಎಲೆಗಳನ್ನು ಪರೀಕ್ಷಿಸಿ 1972ರಲ್ಲಿ ಹೊರತಂದ ಫಲಿತಾಂಶದ ಪ್ರಕಾರ, ಹಸಿರು ಬೆಳಕೂ ಸಾಕಷ್ಟು ಉಪಯೋಗಕ್ಕೆ ಬರುತ್ತದೆ. ತೆಳುವಾದ ಪಾಚಿಯ ಎಳೆಗಿಂತ ಎಲೆಯು ದಪ್ಪ. ಮೇಲ್ಪದರವನ್ನು ದಾಟಿದ ಹಸಿರು ಕಿರಣ ಒಳಪದರಗಳಲ್ಲಿ ಕೆಲಸಕ್ಕೆ ಒದಗುತ್ತದೆ. ಅದೂ ಅಲ್ಲದೆ ನೇರಳೆ ಬೆಳಕಿನಲ್ಲಿ ಎಲೆ ಹಳದಿಗೆ ತಿರುಗಿದರೂ, ಚುಕ್ಕೆರೋಗ ಹತ್ತಿದರೂ ಸಾಕಿದವನಿಗೆ ಕಾಣದು. ಆದುದರಿಂದ ಬಿಳಿಯ ಬೆಳಕಿಗೆ ತುಸು ಕೆಂಪನ್ನು ಬೆರೆಸಿದ ದೀಪವೇ ಮನೆಗೆ ಲೇಸು.

ಹಾಗಾದರೆ ಅಳೆಯುವುದು ಹೇಗೆ? ಬೆಳಕು ಫೋಟಾನ್ ಎಂಬ ಕಣಗಳ ಸುರಿಮಳೆ. ಎಲೆಗೆ ಮುಖ್ಯವಾದುದು ಈ ಕಣಗಳ ಸಂಖ್ಯೆ. ಅವನ್ನು ಮೈಕ್ರೊಮೋಲ್‌ಗಳಲ್ಲಿ ಎಣಿಸುತ್ತಾರೆ. ಒಂದು ಮೈಕ್ರೊಮೋಲ್ ಎಂದರೆ ಸುಮಾರಾಗಿ ಆರರ ಮುಂದೆ ಹದಿನೇಳು ಸೊನ್ನೆಗಳು. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್‌ಗಳನ್ನು ಸುರಿಸುತ್ತದೆ. ದೀಪವನ್ನು ಕೇಳಬೇಕಾದ ಮೊದಲ ಪ್ರಶ್ನೆ, ಒಂದು ಜೂಲ್ ವಿದ್ಯುತ್ತನ್ನು ತಿಂದು ಅದು ಎಷ್ಟು ಮೈಕ್ರೊಮೋಲ್ ಕೊಡುತ್ತದೆ ಎಂಬುದು. ಹಸಿರುಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೋಡಿಯಂ ದೀಪಗಳಲ್ಲಿ ಇದು ಸಾಮಾನ್ಯವಾಗಿ ಎರಡಕ್ಕಿಂತ ಕಡಿಮೆ. ಇಂದಿನ ಒಳ್ಳೆಯ ಎಲ್.ಇ.ಡಿ. ದೀಪಗಳಲ್ಲಿ ಸುಮಾರು ಮೂರು.

ಈ ಲೆಕ್ಕವನ್ನು ಬಿಟ್ಟು ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಗೆ ಮರುಳಾಗುವವರೇ ಹೆಚ್ಚು. ಕೆಲವು ಪೆಟ್ಟಿಗೆಗಳ ಮೇಲೆ 1000 ವ್ಯಾಟ್ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದರೂ ಮೀಟರಿಗೆ ಸಿಕ್ಕಿಸಿ ನೋಡಿದರೆ ದೀಪ ಎಳೆಯುವುದು ನೂರು ಚಿಲ್ಲರೆ ವ್ಯಾಟ್. ಬಿಡಿ ಡಯೋಡುಗಳ ಗರಿಷ್ಠ ಸಾಮರ್ಥ್ಯವನ್ನೆಲ್ಲ ಕೂಡಿ ಬರೆದ ಮೊತ್ತವದು. ಸುಳ್ಳೆಂದು ಹಿಡಿಯಲಾಗದ, ನಿಜವೆಂದು ನಂಬಲಾಗದ ಬರಹ!

ನಿಜವಾಗಿಯೂ ನೂರು ವ್ಯಾಟ್ ಎಳೆಯುವ ಒಳ್ಳೆಯ ದೀಪವೊಂದು ಸೆಕೆಂಡಿಗೆ ಸುಮಾರು 300 ಮೈಕ್ರೊಮೋಲ್ ಹೊರಸೂಸುತ್ತದೆ. ಗೋಡೆಯ ಪಾಲಿಗೆ ಮೂರನೆಯ ಒಂದು ಭಾಗ ಹೋಯಿತೆಂದುಕೊಂಡರೂ ಒಂದು ಚದರ ಮೀಟರ್ ಪಾತಿಗೆ 200 ಉಳಿಯುತ್ತದೆ. ದಿನಕ್ಕೆ ಹದಿನಾರು ಗಂಟೆ ಉರಿಸಿದರೆ ಒಟ್ಟು ಹನ್ನೊಂದೂವರೆ ಮೋಲ್. ಲೆಟ್ಯೂಸ್‌ನಂಥ ಸೊಪ್ಪಿಗೆ ಇದು ಹೆಚ್ಚುಕಡಿಮೆ ಸಾಕು. ಟೊಮೇಟೊ ಕಾಯಿ ಕಚ್ಚಬೇಕಾದರೆ ಇದರ ಇಮ್ಮಡಿಯಾದರೂ ಬೇಕು. ಖರ್ಚಾಗುವ ವಿದ್ಯುತ್ತು ದಿನಕ್ಕೆ 1.6 ಯೂನಿಟ್, ತಿಂಗಳಿಗೆ 48. ಸೊಪ್ಪಿಗಾದರೆ ಇದು ಹೇಗೋ ಸಲ್ಲಬಹುದು. ಭತ್ತವನ್ನೋ ಗೋಧಿಯನ್ನೋ ದೀಪದಡಿ ಬೆಳೆಯಹೊರಟರೆ ಮನೆ ಮಾರಬೇಕಾದೀತು.

ದೀಪದ ನಡುಮಧ್ಯದಲ್ಲಿ ಮಾತ್ರ ಅಳೆದು ತೃಪ್ತಿಪಡಬಾರದು. ಅಂಚಿನ ಗಿಡಗಳಿಗೆ ನಡುವಿನ ಅರ್ಧದಷ್ಟೂ ತಲುಪದಿರಬಹುದು. ಆದುದರಿಂದ ಪಾತಿಯ ಮೂಲೆಗಳಲ್ಲಿಯೂ ಅಳೆಯಬೇಕು. ಬೆಳಕಾಗದೆ ಉಳಿದ ವಿದ್ಯುತ್ತು ದೀಪದಲ್ಲಿಯೇ ಶಾಖವಾಗುತ್ತದೆ. ಕಾದ ಡಯೋಡು ಬೇಗ ಮಂಕಾಗುತ್ತದೆಯಾದ್ದರಿಂದ ಹಿಂಬದಿಯಲ್ಲಿ ದಪ್ಪನಾದ ಅಲ್ಯೂಮಿನಿಯಂ ರೆಕ್ಕೆಗಳಿರುವ ಭಾರವಾದ ದೀಪವೇ ಬಾಳಿಕೆಯದು. ಅಂಟಾರ್ಕ್ಟಿಕದ ತೋಟದಲ್ಲಿ ಈ ಶಾಖವನ್ನು ಸಾಗಿಸಲು ದೀಪಗಳ ಬೆನ್ನಿಗೆ ನೀರನ್ನೇ ಹರಿಸಿದ್ದರು.

ಇಪ್ಪತ್ತನಾಲ್ಕು ಗಂಟೆಯೂ ಉರಿಸಿದರೆ ಇನ್ನೂ ಮೇಲಲ್ಲವೆ ಎಂದರೆ, ಅಲ್ಲ. ಎಡೆಬಿಡದ ಬೆಳಕಿನಲ್ಲಿ ಟೊಮೇಟೊ ಗಿಡದ ಎಲೆಗಳು ಹಳದಿಗಟ್ಟಿ ಹಾಳಾಗುತ್ತವೆ. ಸೇವಂತಿಗೆಗಾದರೆ ಹೂ ಬಿಡಲು ದೀರ್ಘವಾದ ಇರುಳೇ ಬೇಕು. ಇದನ್ನು ಬಲ್ಲ ಚಿಕ್ಕಬಳ್ಳಾಪುರದ ಕಡೆಯ ಹೂವಿನ ಬೆಳೆಗಾರರು ರಾತ್ರಿ ಹೊಲದಲ್ಲಿ ಸಾಲು ಸಾಲಾಗಿ ಬಲ್ಬುಗಳನ್ನು ಉರಿಸಿ ಮೊಗ್ಗನ್ನು ಮುಂದೂಡುತ್ತಾರೆ. ಆ ಮಂದವಾದ ಬೆಳಕು ಗಿಡಕ್ಕೆ ಊಟವಲ್ಲ, ಇನ್ನೂ ಹಗಲಿದೆ ಎಂಬ ಸುದ್ದಿ ಮಾತ್ರ. ಊಟವನ್ನು ಅದು ಹಗಲ ಬಿಸಿಲಿನಲ್ಲಿಯೇ ಮುಗಿಸಿರುತ್ತದೆ. ಬಿಸಿಲು ಸುಳಿಯದ ಕೋಣೆಯಲ್ಲಿ ಕುಂಡದ ಮೇಲೆ ಅಂಥದೇ ಬಲ್ಬೊಂದನ್ನು ತೂಗಿಬಿಟ್ಟು ಟೊಮೇಟೊ ಹಣ್ಣಿಗಾಗಿ ಕಾಯುವವರೂ ಉಂಟು. ಅವರಿಗೆ ದೊರೆಯುವುದು ಬೆಳಕನ್ನು ಅರಸುತ್ತ ಉದ್ದುದ್ದ ಬೆಳೆದು ಬಾಗಿದ ಬಡಕಲು ಕಾಂಡ, ತುದಿಯಲ್ಲಿ ನಾಲ್ಕು ಬಿಳಿಚಿದ ಎಲೆ.