ಔಷಧಿ ಬೇಡ ಎನ್ನಬಲ್ಲ ವೈದ್ಯರು

ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಪೂರ್ವ ಅಂಚಿನಲ್ಲಿ, ಜಾಲ್ನಾ ರಸ್ತೆಗೆ ಹೊಂದಿಕೊಂಡಿರುವ ಚಿಕಲಠಾಣಾದಲ್ಲಿ ವಿಮಾನ ನಿಲ್ದಾಣವಿದೆ, ದೊಡ್ಡ ಕೈಗಾರಿಕಾ ಪ್ರದೇಶವಿದೆ. ಜನ ‘ಮಿನಿ ಘಾಟಿ’ ಎಂದು ಕರೆಯುವ ಸರ್ಕಾರಿ ಜಿಲ್ಲಾ ಆಸ್ಪತ್ರೆಯೂ ಇದೆ. ಹೊಟ್ಟೆಪಾಡಿಗೆಂದು ಇಂಥ ಕಡೆ ಬಂದು ಮನೆ ಮಾಡುವ ತಂದೆ-ತಾಯಿ ಬೀದರ್ ಕಡೆಯವರಿರಲಿ, ಪಕ್ಕದ ಜಾಲ್ನಾದವರಿರಲಿ, ಮೊದಲ ಮಳೆಗಾಲದಲ್ಲೇ ಅವರಿಗೆ ಎದುರಾಗುವ ಪ್ರಶ್ನೆ ಒಂದೇ: ಮಗುವಿಗೆ ಜ್ವರ ಬಂದರೆ ಯಾರ ಹತ್ತಿರ ಓಡುವುದು? ಅಕ್ಕಪಕ್ಕದವರನ್ನು ಕೇಳಿದರೆ, ಯಾರದೋ ಕೈಗುಣ ಒಳ್ಳೆಯದು, ಒಂದೇ ಡೋಸಿಗೆ ಜ್ವರ ಇಳಿಯುತ್ತದೆ ಎಂಬ ಉತ್ತರ ಸಿಗುತ್ತದೆ. ಬೆಂಗಳೂರಾದರೂ ಕಲಬುರಗಿಯಾದರೂ ಉತ್ತರ ಬೇರೆಯಾಗಿರುವುದಿಲ್ಲ. ಮಕ್ಕಳ ವೈದ್ಯರನ್ನು ಆರಿಸಲು ಇದಕ್ಕಿಂತ ದಾರಿ ತಪ್ಪಿಸುವ ಅಳತೆಗೋಲು ಇನ್ನೊಂದಿಲ್ಲ ಎಂಬುದು ನನ್ನ ವಾದ. ಚಿಕ್ಕ ಮಕ್ಕಳ ನೆಗಡಿ, ಕೆಮ್ಮು, ಜ್ವರಗಳಲ್ಲಿ ಬಹುಪಾಲು ವೈರಸ್‌ನಿಂದ ಬಂದವು. ಏನೂ ಕೊಡದಿದ್ದರೂ ಕೆಲವೇ ದಿನಗಳಲ್ಲಿ ತಾವಾಗಿ ಹೋಗುತ್ತವೆ. ಹಾಗೆ ಹೋದಾಗ ಹೆಸರು ಬರುವುದು ಮಾತ್ರ ಕೊನೆಗೆ ಕುಡಿಸಿದ ಸಿರಪ್‌ಗೆ. ವೈರಸ್ಸಿನ ಮೇಲೆ ಆ್ಯಂಟಿಬಯೋಟಿಕ್ ಕೆಲಸವನ್ನೇ ಮಾಡುವುದಿಲ್ಲ. ಆದರೂ ಅದನ್ನು ಬರೆದುಕೊಟ್ಟವರೇ ‘ಜೋರು ಡಾಕ್ಟರು’ ಅನ್ನಿಸಿಕೊಳ್ಳುತ್ತಾರೆ.

ಬೇಡದ ಔಷಧಿಯ ಬೆಲೆ ಎಷ್ಟಾಗಬಹುದು ಎಂಬುದನ್ನು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆ ತೋರಿಸಿತು. ಸಾಮಾನ್ಯ ನೆಗಡಿ, ಜ್ವರಕ್ಕೆಂದು ‘ಕೋಲ್ಡ್ರಿಫ್’ ಸಿರಪ್ ಕುಡಿದ ಪುಟ್ಟ ಮಕ್ಕಳ ಮೂತ್ರಪಿಂಡಗಳು ನಿಂತುಹೋದವು. ಹಲವರನ್ನು ಮಹಾರಾಷ್ಟ್ರದ ನಾಗಪುರಕ್ಕೆ ಸಾಗಿಸಿದರೂ ಉಳಿಸಿಕೊಳ್ಳಲಾಗಲಿಲ್ಲ. ಸತ್ತ ಮಕ್ಕಳ ಸಂಖ್ಯೆ 20 ದಾಟಿತು. ತಮಿಳುನಾಡಿನ ಪ್ರಯೋಗಾಲಯ ಆ ಸಿರಪ್‌ನಲ್ಲಿ ಶೇಕಡಾ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷವನ್ನು ಪತ್ತೆಹಚ್ಚಿತು. ವಿಷ ಬೆರೆತದ್ದು ಕಾರ್ಖಾನೆಯ ತಪ್ಪು, ಅದನ್ನು ತಡೆಯದ್ದು ವ್ಯವಸ್ಥೆಯ ತಪ್ಪು. ಯಾವ ವೈದ್ಯರೂ ಬಾಟಲಿಯನ್ನು ನೋಡಿಯೇ ಅದನ್ನು ಕಂಡುಹಿಡಿಯಲಾರರು, ನಿಜ. ಆದರೆ ಆ ಸಿರಪ್‌ನಲ್ಲಿದ್ದ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದರು. ಈ ದುರಂತದ ಬಳಿಕ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, 2 ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಲೇಬಾರದು, 5 ವರ್ಷದವರೆಗೂ ಸಾಮಾನ್ಯವಾಗಿ ಸಲ್ಲದು ಎಂದು ಮತ್ತೆ ನೆನಪಿಸಿತು. ಸಿರಪ್ ಶುದ್ಧವಾಗಿಯೇ ಇದ್ದಿದ್ದರೂ ಆ ವಯಸ್ಸಿನ ಮಕ್ಕಳಿಗೆ ಅದರ ಅಗತ್ಯವಿರಲಿಲ್ಲ.

ಇದನ್ನು ಹೇಳಿದ ಕೂಡಲೇ ಬರುವ ಆಕ್ಷೇಪ ನ್ಯಾಯವಾದದ್ದೇ: ‘ಏನೂ ಕೊಡದೆ ಕಳಿಸಿ, ಅದು ನ್ಯುಮೋನಿಯಾ ಆಗಿಬಿಟ್ಟರೆ?’ ಒಳ್ಳೆಯ ವೈದ್ಯರು ಎದ್ದು ಕಾಣುವುದು ಇಲ್ಲಿಯೇ. ಅವರು ಮಗುವಿನ ಅಂಗಿ ಮೇಲೆತ್ತಿ, ಅದು ಅಳದೆ ಸುಮ್ಮನಿರುವ ಹೊತ್ತು ನೋಡಿ, ಎದೆ-ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗಿನದಕ್ಕೆ 50, 5 ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಬಂದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆದುಕೊಂಡರೆ ತಡಮಾಡುವಂತಿಲ್ಲ. ಎಣಿಸಿ ನೋಡಿ ‘ಈಗ ಔಷಧಿ ಬೇಡ’ ಎನ್ನುವುದಕ್ಕೂ ನೋಡದೆಯೇ ಚೀಟಿ ಬರೆಯುವುದಕ್ಕೂ ಅಜಗಜಾಂತರವಿದೆ. ತೂಕದ ಮಾತೂ ಹೀಗೆಯೇ. ಪ್ಯಾರಾಸಿಟಮಾಲ್‌ನ ಒಂದು ಡೋಸ್ ಎಂದರೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ 5 ಮಿಲಿಗೆ 120 ಮಿಲಿಗ್ರಾಂನದೂ ಇದೆ, 250ರದೂ ಇದೆ. ಎಂಟು ಕಿಲೋ ತೂಗುವ ಕೂಸಿಗೆ ಮೊದಲನೆಯದರ 5 ಮಿಲಿ ಸರಿಹೋದರೆ, ಎರಡನೆಯದರ ಅಷ್ಟೇ ಪ್ರಮಾಣ ಎರಡು ಪಟ್ಟಾಗುತ್ತದೆ. ತೂಕ ನೋಡದೆ ‘ಒಂದು ಚಮಚ ಹಾಕಿ’ ಎನ್ನುವವರ ಬಗ್ಗೆ, ಅವರ ಕೈಗುಣ ಎಂಥದೇ ಇರಲಿ, ನನಗೆ ಭರವಸೆ ಬರುವುದಿಲ್ಲ.

ದಿನಗೂಲಿಯವರ ಕಷ್ಟ ಬೇರೆ. ಒಂದು ದಿನದ ಸಂಬಳ ಬಿಟ್ಟು, ಆಟೋಗೆ ಕೊಟ್ಟು, ಸಾಲಿನಲ್ಲಿ ಕೂತು ಬಂದವರು ಬರಿಗೈಲಿ ಹೋಗಲು ಒಪ್ಪುವುದಾದರೂ ಹೇಗೆ? ಅವರು ಕೇಳುತ್ತಿರುವುದು ಔಷಧಿಯನ್ನಲ್ಲ, ಧೈರ್ಯವನ್ನು. ಆ ಧೈರ್ಯ ಬಾಟಲಿಯ ರೂಪದಲ್ಲೇ ಬರಬೇಕೆಂದಿಲ್ಲ. ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾದರೂ ಹೊರಡಿ ಎಂದು ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ, ಅವಳ ಬಾಯಿಂದ ಒಮ್ಮೆ ಹೇಳಿಸಿಕೊಂಡು ಕಳಿಸುವವರು ಕೊಟ್ಟದ್ದು ಕಡಿಮೆಯೇನಲ್ಲ. ಊರು ಬಿಟ್ಟು ಬಂದ ಕನ್ನಡದ ತಾಯಿಗೆ ಮರಾಠಿ ಅರೆಬರೆ ಬಂದರೆ, ನಾಲ್ಕು ಮಾತು ತಾಳ್ಮೆಯಿಂದ ಕೇಳುವ ವೈದ್ಯರು ದೂರದ ಹೆಸರಾಂತ ಆಸ್ಪತ್ರೆಗಿಂತ ಎಷ್ಟೋ ಮೇಲು. ತಜ್ಞರೇ ಬೇಕೆಂಬ ಹಟವೂ ಎಲ್ಲ ಸಲ ಬೇಡ. ಎಂಬಿಬಿಎಸ್ ಓದಿದ, ಮಕ್ಕಳನ್ನು ನೋಡಿ ಪಳಗಿದ ಹತ್ತಿರದ ವೈದ್ಯರು ದಿನನಿತ್ಯದ ಕಾಯಿಲೆಗೆ ಸಾಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮಾತ್ರ ನೇರ ಆಸ್ಪತ್ರೆಗೇ ಹೋಗಬೇಕು. ಪದವಿಯ ಬಗ್ಗೆ ಅನುಮಾನವಿದ್ದರೆ ಚೀಟಿಯ ಮೇಲೆ ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದನ್ನು ಅಚ್ಚುಹಾಕಿಸುವುದು ವೈದ್ಯರ ಕರ್ತವ್ಯ, ಕೇಳುವುದು ಅಧಿಕಪ್ರಸಂಗವಲ್ಲ.

ಇಷ್ಟನ್ನೆಲ್ಲ ಮಗು ಜ್ವರದಲ್ಲಿ ಕೆಂಡವಾಗಿರುವ ರಾತ್ರಿ ಯಾರೂ ಪರೀಕ್ಷಿಸಲಾರರು. ಅದಕ್ಕೇ ಆಯ್ಕೆ ಮಗು ಆರೋಗ್ಯವಾಗಿರುವಾಗಲೇ ನಡೆಯಬೇಕು. 6, 10, 14ನೇ ವಾರದ ಲಸಿಕೆಗಳು ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ, ಅವನ್ನು ಅಲ್ಲಿಯೇ ಹಾಕಿಸಿ. ಆ ಕಾರ್ಡು ಹಿಡಿದು ಹತ್ತಿರದ ವೈದ್ಯರಲ್ಲಿಗೆ ಒಮ್ಮೆ ಹೋಗಿ ಬನ್ನಿ. ಅವರು ಕಾರ್ಡು ತಿರುವಿ ನೋಡುತ್ತಾರೆಯೇ, ತೂಕ ಬರೆದುಕೊಳ್ಳುತ್ತಾರೆಯೇ, ತಾಯಿಯ ಹಾಲಿನ ಬಗ್ಗೆ ಕೇಳುತ್ತಾರೆಯೇ ಗಮನಿಸಿ. ರಾತ್ರಿ ಹೊತ್ತು ತಾವು ಸಿಗದಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಅವರನ್ನೇ ಕೇಳಿ, ಉತ್ತರವನ್ನು ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.